ಕಡೆಜಾಲಿನ ಕರೆಂಟಿಗೆ ಒಗ್ಗಿದ ಪೆಟ್ಟಿಗೆ

ಮೀಂಜದಾಚೆಯ ಕಡೆಜಾಲಿನಲ್ಲಿ ಕೇರಳವೂ ಮುಗಿಯುತ್ತದೆ, ಕರೆಂಟಿನ ಲೈನೂ ಮುಗಿಯುತ್ತದೆ. ಎಲ್ಲಿಂದಲೋ ಹೊರಟ ಕರೆಂಟು ದಾರಿಯಲ್ಲಿ ಕಂಡ ಕಂಡ ಪಂಪುಗಳಿಗೆಲ್ಲ ಬಡಿಸುತ್ತ ಬಂದು, ಈ ಊರಿನ ಕೊನೆಯ ಕಂಬ ಮುಟ್ಟುವಾಗ ಕೊನೆಯ ಪಂಕ್ತಿಯ ಪಾಯಸದ ಹಾಗೆ ತಳ ಕಾಣುತ್ತಿತ್ತು. ಸಂಜೆಯಾದರೆ ತಿರುಗುವ ಫ್ಯಾನಿನ ರೆಕ್ಕೆ ಎಣಿಸಬಹುದು. ಬಲ್ಬು ಉರಿಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಚಿಮಿಣಿ ದೀಪ ಹಿಡಿದು ನೋಡಬೇಕು ಎಂದು ಊರಿನವರೇ ನಗುತ್ತಿದ್ದರು. ನಗದೆ ಇನ್ನೇನು ಮಾಡುವುದು?

ಆ ಕೊನೆಯ ಕಂಬದ ಬುಡದ ಮನೆ ಯೋಗೀಶನದು. ಹಗಲು ಹೊಸಂಗಡಿಯಲ್ಲಿ ಟೈಲರ್, ಮದುವೆಯ ಕಾಲದಲ್ಲಿ ಒಂದು ಆರ್ಕೆಸ್ಟ್ರಾದ ಗಿಟಾರಿಸ್ಟ್. ಆರ್ಕೆಸ್ಟ್ರಾದಲ್ಲಿ ಇವನನ್ನು ನಿಲ್ಲಿಸುತ್ತಿದ್ದುದು ಡ್ರಮ್ಮಿನ ಹಿಂದೆ. ಇದ್ದ ಒಂದೆರಡು ಸ್ಪೀಕರ್ ಬಾಕ್ಸುಗಳು ಹಾಡುವವರಿಗೂ ಕೀಬೋರ್ಡಿಗೂ ಮೀಸಲು. ಇವನ ಬೆರಳು ಆಡುವುದನ್ನು ಊರೆಲ್ಲ ನೋಡಿತ್ತು, ಸ್ವರವನ್ನು ಮಾತ್ರ ಹೆತ್ತ ತಾಯಿ ಅಮ್ಮುವೂ ಕೇಳಿರಲಿಲ್ಲ. ಒಮ್ಮೆ ನಾಲ್ಕು ಜನ ಕಿವಿಗೊಟ್ಟು ಕೇಳಬೇಕು ಎಂಬುದೊಂದೇ ಅವನ ಆಸೆ.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಅಕ್ಕ ನಿಶ್ಮಿತಾಳ ಗಂಡ ಜಯಂತ್ ಸೌದಿಯ ದಮಾಮಿನಿಂದ ರಜೆಯಲ್ಲಿ ಬಂದ. ಅಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟ ಯಾರೋ ಸಾಹೇಬ ಮಾರಿದ ಗಿಟಾರ್ ಆಂಪ್ಲಿಫೈಯರನ್ನು ಭಾವ ಕಂಬಳಿಯಲ್ಲಿ ಸುತ್ತಿ ತಂದಿದ್ದ. ಯೋಗೀಶನಿಗೆ ಚಾ ಕುಡಿಯುವಷ್ಟು ತಾಳ್ಮೆಯೂ ಇರಲಿಲ್ಲ. ಪಿನ್ ಹೊಂದದ್ದಕ್ಕೆ ವಯರಿನ ತುದಿ ಕತ್ತರಿಸಿ ಬೇರೆ ಪಿನ್ ಹಾಕಿ ಚುಚ್ಚಿಯೇ ಬಿಟ್ಟ.

ಕೈಕಾಲು ತೊಳೆದು ಬಂದ ಜಯಂತ್ ಕಿರುಚಿದ. "ಅಯ್ಯೋ, ತೆಗಿ ಮಾರಾಯ! ಅದು ಅಲ್ಲಿಯ ನೂರ ಹತ್ತು ವೋಲ್ಟಿನದ್ದು. ಇಲ್ಲಿ ಇನ್ನೂರ ಮೂವತ್ತು. ನಡುವಲ್ಲಿ ವೋಲ್ಟೇಜ್ ಇಳಿಸುವ ಪೆಟ್ಟಿಗೆ ಇಡದಿದ್ರೆ ಸುಟ್ಟು ಹೋಗ್ತದೆ!"

ಆಂಪ್ಲಿಫೈಯರ್ ಸುಡಲಿಲ್ಲ, ಹಾಡಿತು. ಭಾವ ಮೀಟರ್ ತರಿಸಿ ಪ್ಲಗ್ಗಿಗೆ ಚುಚ್ಚಿ ನೋಡಿದ. ಮುಳ್ಳು ನೂರ ಹತ್ತನ್ನು ಸ್ವಲ್ಪವೇ ದಾಟಿ ನಿಂತಿತ್ತು.

"ಇದು ಯಾವ ದೇಶ ಯೋಗೀಶ?" ಎಂದು ಅವನು ಅಲ್ಲೇ ಕುಳಿತುಬಿಟ್ಟ.

ಇಳಿಸುವ ಪೆಟ್ಟಿಗೆಯೊಂದನ್ನು ಮಂಗಳೂರಿನಲ್ಲಿ ಕೊಂಡುಕೋ ಎಂದು ಹೇಳಿಯೇ ಭಾವ ಮರಳಿದ. ಕೆಲಸ ನಡೆಯುತ್ತಿರುವಾಗ ಪೆಟ್ಟಿಗೆ ಯಾಕೆ ಎಂದು ಯೋಗೀಶ ಸುಮ್ಮನಾದ. ಅವನ ಮೀಟರು ಅಮ್ಮನ ಮಿಕ್ಸಿ. ಅದು ತೆಂಗಿನಕಾಯಿ ಅರೆಯಿತೆಂದರೆ ಕರೆಂಟು ಜೋರುಂಟು, ಆಂಪ್ಲಿಫೈಯರ್ ಮುಟ್ಟಬಾರದು. ಮಿಕ್ಸಿ ಗೊರ ಗೊರ ಎಂದು ನಿಂತು, ಅಮ್ಮ ಕರೆಂಟಿನವರ ವಂಶಕ್ಕೆಲ್ಲ ಬೈಯುತ್ತ ಅರೆಯುವ ಕಲ್ಲಿನತ್ತ ನಡೆದರೆ, ಅದೇ ಮುಹೂರ್ತ. ಮಗ ಗಿಟಾರ್ ಎತ್ತಿಕೊಳ್ಳುತ್ತಿದ್ದ. ಆಂಪ್ಲಿಫೈಯರಿನ ಫ್ಯೂಸು ಎಂದೋ ಹೋಗಿತ್ತು. ಊರಿನ ಎಲ್ಲ ಫ್ಯೂಸುಗಳಂತೆ ಅಲ್ಲಿಯೂ ಒಂದು ದಪ್ಪ ತಾಮ್ರದ ಎಳೆ ಕುಳಿತಿತ್ತು.

ಊರಿಗೆ ವೋಲ್ಟೇಜ್ ಹೋರಾಟ ಸಮಿತಿ ಎಂಬುದೊಂದಿತ್ತು. ಅದರ ಅಧ್ಯಕ್ಷ ಜೀನಸಿನ ಅಂಗಡಿಯ ಲೋಕನಾಥ. ಫ್ರಿಜ್ಜಿನಲ್ಲಿಟ್ಟ ಸೋಡ ಬಿಸಿಯಾಗಿಯೇ ಹೊರಬರುವ ಸಂಕಟ ಅವನನ್ನು ನಾಯಕನನ್ನಾಗಿ ಮಾಡಿತ್ತು. ಆ ಕರೆಂಟಿಗೆ ಬೇರೆ ಯಾವ ಮೈಕ್ ಸೆಟ್ಟೂ ಬಾಯಿ ಬಿಡುತ್ತಿರಲಿಲ್ಲವಾದ್ದರಿಂದ ಸಮಿತಿಯ ಎಲ್ಲ ಸಭೆಗೂ ಯೋಗೀಶನ ಆಂಪ್ಲಿಫೈಯರ್ ಪೆಟ್ಟಿಗೆಯೇ ಆಯಿತು. ವೋಲ್ಟೇಜ್ ಇಲ್ಲದ್ದರಿಂದಲೇ ಬದುಕಿದ್ದ ಪೆಟ್ಟಿಗೆಯ ಮೂಲಕ "ವೋಲ್ಟೇಜ್ ಕೊಡಿ" ಎಂದು ಊರು ಬೊಬ್ಬೆ ಹೊಡೆಯಿತು. ಇವನು ಸಮಿತಿಯ ಕಾರ್ಯದರ್ಶಿಯೂ ಆದ. ಕೂಗುವಾಗ ಎಲ್ಲರಿಗಿಂತ ಗಟ್ಟಿ ಕೂಗಿದ. ಕೂಗಿದರೆ ಕೊಡುತ್ತಾರೆ ಎಂದು ಯಾರು ನಂಬಿದ್ದರು?

ಮರುವರ್ಷ ಕೊಟ್ಟೇ ಬಿಟ್ಟರು. ಕೊನೆಯ ಕಂಬದ ಪಕ್ಕದಲ್ಲಿ ಹೊಸ ಟ್ರಾನ್ಸ್‌ಫಾರ್ಮರ್ ಏರಿತು. ಬರುವ ಆದಿತ್ಯವಾರ ಸಂಜೆ ಉದ್ಘಾಟನೆ.

ಯೋಗೀಶನಿಗೆ ಆಂಪ್ಲಿಫೈಯರಿನ ಚಿಂತೆ ಹತ್ತಿತು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವವನ ಹಾಗೆ ಹೊಸಂಗಡಿಯ ಅಂಗಡಿಗೆ ಓಡಿ ವೋಲ್ಟೇಜ್ ಇಳಿಸುವ ಪೆಟ್ಟಿಗೆ ಕೇಳಿದ. ಅಂಗಡಿಯವನು ಇವನ ಮುಖವನ್ನೇ ನೋಡಿದ.

"ಏರಿಸುವುದು ಉಂಟು, ಎಷ್ಟು ಬೇಕು? ಇಳಿಸ್ಲಿಕ್ಕೆ ಪೆಟ್ಟಿಗೆ ಎಂತಕ್ಕೆ ಮಾರಾಯ? ಇಲ್ಲಿ ಅದು ತನ್ನಷ್ಟಕ್ಕೆ ಇಳೀತದಲ್ಲ!"

ಮಂಗಳೂರಿನ ಅಂಗಡಿಯವರು ತಂತಿ ಸುತ್ತಿ ಮಾಡಿಕೊಡುತ್ತೇವೆ, ಎರಡು ವಾರ ಬೇಕು ಎಂದು ಆರ್ಡರ್ ಬರೆದುಕೊಂಡರು. ಬೇರೆ ದಾರಿ ಕಾಣದೆ ಯೋಗೀಶ ಲೋಕನಾಥನಿಗೆ ನಿಜ ಹೇಳಿದ.

"ಲೋಕಣ್ಣ, ಆದಿತ್ಯವಾರಕ್ಕೆ ಬೇರೆ ಮೈಕ್ ತರಿಸುವ. ಹೊಸ ಕರೆಂಟಿಗೆ ಹಾಕಿದ್ರೆ ನನ್ನದು ಸುಟ್ಟು ಹೋಗ್ತದೆ."

"ಎಂತ ಮಾತಾಡ್ತಿ ಯೋಗೀಶ? ಇಷ್ಟು ದಿನ ಅರೆಹೊಟ್ಟೆಯಲ್ಲಿ ದುಡಿದ ಎತ್ತಿಗೆ ಹೊಟ್ಟೆ ತುಂಬ ಹುಲ್ಲು ಹಾಕಿದ್ರೆ ಅದು ಸಾಯ್ತದಾ? ಇನ್ನೂ ಚಂದ ದುಡೀತದೆ!"

ಸುತ್ತಲಿದ್ದವರೆಲ್ಲ ಹೌದು ಹೌದು ಎಂದರು. ಹುಟ್ಟಿದಂದಿನಿಂದ ಕರೆಂಟು ಸಾಲದೆ ಬೆಳೆದ ಊರದು. ಹಸಿವು ಗೊತ್ತು, ಅಜೀರ್ಣ ಗೊತ್ತಿಲ್ಲ. ಇವನು ಮತ್ತೂ ತಡವರಿಸಿದಾಗ ಲೋಕನಾಥನ ಸ್ವರ ಬದಲಾಯಿತು.

"ಅಂದ್ರೆ ನಿನಗೆ ವೋಲ್ಟೇಜ್ ಬರುವುದು ಬೇಡ. ಕಾರ್ಯದರ್ಶಿಯ ಮನಸ್ಸಲ್ಲೇ ಇದು ಉಂಟಾ?"

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಯೋಗೀಶ ಒಂದು ಉಪಾಯ ಹುಡುಕಿದ. ಭಾಷಣಗಳೆಲ್ಲ ಹಳೆಯ ಕರೆಂಟಿನಲ್ಲೇ ನಡೆಯುತ್ತವೆ. ಆಮೇಲೆ ಲೈನ್‌ಮ್ಯಾನ್ ಹಳೆಯದನ್ನು ತಪ್ಪಿಸಿ ಹೊಸದಕ್ಕೆ ಸೇರಿಸುವ ತನಕ ಸ್ವಲ್ಪ ಹೊತ್ತು ಕತ್ತಲೆ. ದೀಪ ಬರುವ ಗಳಿಗೆಗೆ ಸರಿಯಾಗಿ ಇವನು ಗಿಟಾರ್ ನುಡಿಸಬೇಕು ಎಂದು ಸಮಿತಿಯ ಅಪ್ಪಣೆ. ಆ ಕತ್ತಲೆಯಲ್ಲಿ ಆಂಪ್ಲಿಫೈಯರಿನ ಪಿನ್ ಎಳೆದುಬಿಟ್ಟು, ಗಿಟಾರಿನ ತಂತಿ ಕಡಿಯಿತು ಎಂದರಾಯಿತು. ಪಿನ್ ಕೈಗೆಟಕುವ ಹಾಗೆ ಕುರ್ಚಿಯನ್ನೂ ಹಾಕಿಕೊಂಡ.

ಆದಿತ್ಯವಾರ ಊರಿಗೆ ಊರೇ ನೆರೆಯಿತು. ಭಾಷಣಗಳು ಮುಗಿದವು. ಬಲ್ಬುಗಳು ಆರಿದವು. ವಾರ್ಡ್ ಮೆಂಬರ್ ದೇವಕಿ ಸ್ವಿಚ್ಚಿನ ಮೇಲೆ ಕೈ ಇಟ್ಟು ಲೈನ್‌ಮ್ಯಾನಿನ ಸನ್ನೆಗೆ ಕಾದರು.

ಯೋಗೀಶ ಪಿನ್ನಿಗೆ ಕೈ ಚಾಚಿದ. ಆಗ ಅವನಿಗೆ ಒಂದು ಸಂಗತಿ ಹೊಳೆಯಿತು. ಯಾರೂ ಮಾತಾಡುತ್ತಿರಲಿಲ್ಲ. ಯಾವ ಮದುವೆಯಲ್ಲೂ ಇವನು ನುಡಿಸುವಾಗ ಬಾಯಿ ಮುಚ್ಚದ ಜನ ಈಗ ಉಸಿರು ಹಿಡಿದು ಕುಳಿತಿದ್ದರು. ಅವರು ಕಾಯುತ್ತಿದ್ದುದು ದೀಪಕ್ಕೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಎದೆ ತುಂಬಿ ಬಂತು. ಇಂಥ ಮೌನ ಇನ್ನೊಮ್ಮೆ ಸಿಗಲಿಕ್ಕಿಲ್ಲ. ಚಾಚಿದ ಕೈಯನ್ನು ಹಿಂದೆ ತಂದು ತಂತಿಯ ಮೇಲಿಟ್ಟ.

ಬಲ್ಬುಗಳು ಬೆಳ್ಳಗೆ ಉರಿದವು. ಯೋಗೀಶ ಮೀಟಿದ. ಗದ್ದೆಯಲ್ಲಿ ನೇಜಿ ನೆಡುವಾಗ ಅಮ್ಮ ಹೇಳುತ್ತಿದ್ದ ಪಾಡ್ದನ ಹಾಡಿನ ಧಾಟಿ ಅದು. ಪೆಟ್ಟಿಗೆ ಎಂದೂ ಹಾಡದಷ್ಟು ದೊಡ್ಡದಾಗಿ ಹಾಡಿತು, ಗುಡ್ಡದ ಆಚೆಯ ಕರ್ನಾಟಕದ ನಾಯಿಗಳೂ ಬೊಗಳಿದವು. ಮುಂದಿನ ಸಾಲಿನಲ್ಲಿದ್ದ ಅಮ್ಮು ತಲೆಯೆತ್ತಿ, "ಇದು ನನ್ನ ಪದ ಅಲ್ವಾ!" ಎಂದಳು. ಒಂದು ಸಾಲು ಮುಗಿಯಿತು. ಎರಡನೆಯದರ ನಡುವಿನಲ್ಲಿ ಪೆಟ್ಟಿಗೆ ಗುಂಯ್ ಎಂದಿತು, ಢಬ್ ಎಂದು ಹೊಡೆದು ಹೊಗೆ ಕಾರಿ ಸುಮ್ಮನಾಯಿತು.

ಚಪ್ಪಾಳೆಯೋ ಚಪ್ಪಾಳೆ. ಲೋಕನಾಥ ಕುರ್ಚಿ ಹತ್ತಿ ನಿಂತ.

"ನೋಡಿದ್ರಾ! ದಮಾಮಿನ ಮಾಲಿಗೆ ಸಹ ನಮ್ಮ ಕರೆಂಟು ತಡೆಯಲಿಕ್ಕೆ ಆಗಲಿಲ್ಲ! ಇದು ಕಡೆಜಾಲಿನ ಕರೆಂಟು!"

ಜನ ಯೋಗೀಶನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವನು ಅಳುತ್ತಿದ್ದ. ಸಂತೋಷಕ್ಕೆ ಅಳುತ್ತಿದ್ದಾನೆ ಎಂದು ಎಲ್ಲರೂ ಹೇಳಿದರು, ಅರ್ಧ ಅದು ಸುಳ್ಳೂ ಅಲ್ಲ.

ಮಂಗಳೂರಿನ ಇಳಿಸುವ ಪೆಟ್ಟಿಗೆ ಹೇಳಿದ ವಾಯಿದೆಗೇ ಬಂತು. ಒಳ್ಳೆ ಭಾರದ್ದು. ಅಮ್ಮು ಅದನ್ನು ಹಲಸಿನ ಉಪ್ಪುಸೊಳೆಯ ಭರಣಿಯ ಮುಚ್ಚಳದ ಮೇಲೆ ಹೇರಿಟ್ಟಳು. ಸುಟ್ಟ ಆಂಪ್ಲಿಫೈಯರಿನೊಳಗೆ ಕೋಳಿ ಮೊಟ್ಟೆಯಿಟ್ಟಿತು.

ಕರೆಂಟು ಬಂದಿತೆಂದು ಊರಿನವರೆಲ್ಲ ಹೊಸ ಪಂಪು, ಹೊಸ ಫ್ರಿಜ್ಜು, ಹೊಸ ಗ್ರೈಂಡರ್ ಕೊಂಡರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಮಿಕ್ಸಿ ಮತ್ತೆ ಗೊರ ಗೊರ ಎಂದಿತು. ಅಮ್ಮ ಬೈಯುತ್ತ ಅರೆಯುವ ಕಲ್ಲಿನತ್ತ ನಡೆದ ಹೊತ್ತಿಗೆ ಲೋಕನಾಥ ಅಂಗಳಕ್ಕೆ ಬಂದ.

"ಯೋಗೀಶ, ವೋಲ್ಟೇಜ್ ಪುನಃ ಬಿತ್ತು ಮಾರಾಯ. ಹೋರಾಟ ಶುರು ಮಾಡ್ಬೇಕು. ನಿನ್ನ ಆ ಸುಟ್ಟ ಪೆಟ್ಟಿಗೆ ರಿಪೇರಿ ಆಗ್ತದಲ್ಲ?"

ಯೋಗೀಶ ಜಗಲಿಯ ಬಲ್ಬಿನತ್ತ ನೋಡಿದ. ಒಳಗಿನ ತಂತಿ ಹದವಾಗಿ ಕೆಂಪಗಿತ್ತು.

"ಅದಕ್ಕೆ ಈಗ ಸರಿಯಾದ ಕರೆಂಟು ಬಂತು ಲೋಕಣ್ಣ," ಎಂದ.