ಇಂಗಳೀಕದ ಮುಖ

ಮಾರಮ್ಮನ ಮುಖಕ್ಕಾಗಿ ದೊಡ್ಡಪ್ಪ ಹನುಮಂತಯ್ಯ ಕಳೆದ ಯುಗಾದಿಗೆ ಅಪ್ಪನ ಬೆರಳನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಮುರಿದಿದ್ದರು. ಕೆಂಗೇರಿಯ ಜಮೀನು, ಸೈಟು ಎಲ್ಲ ಪಾಲಾಗಿದ್ದವು. ಮರದ ಆ ಒಂದು ಮುಖ ಮಾತ್ರ ಅಜ್ಜಿಯ ದೇವರಮನೆಯಲ್ಲಿ ಉಳಿದಿತ್ತು. ಈ ಸಲ ಹೆಣವೇ ಬೀಳುತ್ತದೆ ಎಂದು ಅಜ್ಜಿಗೆ ಗೊತ್ತಿತ್ತು.

"ಕವನಾ, ರೆಸಿನ್ನಲ್ಲಿ ಓಲೆ, ಕೀಚೈನು ಮಾಡ್ತೀಯಲ್ಲ, ಮಾರಮ್ಮನ ಮುಖಾನೂ ಇನ್ನೊಂದು ಮಾಡೇ. ಯಾವ್ದು ಹಳೇದು ಅಂತ ಇಬ್ರಿಗೂ ತಿಳೀಬಾರ್ದು."

ಅಜ್ಜಿಯ ಕಥೆಗಳಲ್ಲಿ ರಕ್ಕಸಿ ಚಿಟಿಕೆ ಹೊಡೆದರೆ ಎರಡಾಗುತ್ತಿದ್ದಳು. ನನಗೆ ಅಚ್ಚು ತೆಗೆಯಲು ಸಿಲಿಕೋನ್ ಬೇಕಿತ್ತು.

ರಾಜಾಜಿನಗರದ ಅಂಗಡಿಯಲ್ಲಿ ವೀರೇಶ ಎರಡು ಡಬ್ಬ ಮುಂದಿಟ್ಟ. "ಪ್ಲಾಟಿನಂ ಸಿಲಿಕೋನ್ ತಗೋರಿ ಮೇಡಂ. ಕೂದಲೆಳಿ ಸೈತ ಹಿಡಿತೈತಿ, ಕುಗ್ಗಂಗಿಲ್ಲ."

"ಮುಖಕ್ಕೆ ಇಂಗಳೀಕದ ಕೆಂಪು ಬಣ್ಣ ಬಳಿದಿದೆ. ಅದರಲ್ಲಿ ಗಂಧಕ ಇರತ್ತೆ."

"ಹಂಗಾರ ಬ್ಯಾಡ್ರಿ. ಗಂಧಕ ತಾಗಿದ್ರ ಗಟ್ಟಿನ ಆಗಂಗಿಲ್ಲ, ಜೋನಿಬೆಲ್ಲದಂಗ ಅಂಟಿಕೊಂಡು ಕುಂದರ್ತೈತಿ. ಟಿನ್ ಸಿಲಿಕೋನ್ ತಗೋರಿ. ಆದ್ರ ಅಚ್ಚು ಚೂರು ಕುಗ್ಗತೈತಿ. ದಾರ ಹಿಡಿದು ಅಳದ್ರ ಗೊತ್ತಾಕ್ಕೈತಿ."

"ನಮ್ ದೊಡ್ಡಪ್ಪ ಅಳೀತಾರೆ."

ಅವನು ನಕ್ಕ. ನಾನು ನಗಲಿಲ್ಲ. ಮಾರಮ್ಮನ ಚಾಚಿದ ನಾಲಿಗೆ ಮುರಿಯದೆ ಬಿಡಿಸಬೇಕೆಂದು ಟಿನ್ನಿನದರಲ್ಲೇ ತೀರ ಮೆತ್ತಗಿನದನ್ನು ಆರಿಸಿದೆ. ಕುಗ್ಗುವುದಕ್ಕೆ ಉಪಾಯ ಬಸ್ಸಿನಲ್ಲಿ ಹೊಳೆಯಿತು. ಒಂದಲ್ಲ, ಎರಡು ಎರಕ ಹೊಯ್ದೆ; ಕುಗ್ಗಿದರೆ ಎರಡೂ ಸಮ ಕುಗ್ಗುತ್ತವೆ. ಮರದ ಪುಡಿ ಬೆರೆಸಿ, ಬಣ್ಣ ಬಳಿದು, ಎರಡನ್ನೂ ಅಜ್ಜಿಗೆ ಕೊಟ್ಟೆ. ಹಳೆಯದನ್ನು ಮತ್ತೆ ಅಚ್ಚಿನೊಳಗೇ ಮಲಗಿಸಿ ನನ್ನ ಮಂಚದ ಕೆಳಗೆ ತಳ್ಳಿದೆ. ಅಜ್ಜಿಗೂ ಹೇಳಲಿಲ್ಲ.

ಶುಕ್ರವಾರ ಅಜ್ಜಿ ಮಕ್ಕಳಿಬ್ಬರಿಗೂ ಒಂದೊಂದು ಮುಖ ಕೊಟ್ಟಳು. ದೊಡ್ಡಪ್ಪ ದಾರ ಹಿಡಿದು ಎರಡನ್ನೂ ಅಳೆದರು. ಸಮ ಬಂತು. ಅವರು ಎದ್ದು ಹೋಗಿ ಎಳನೀರು ಕೊಚ್ಚುವ ಮಚ್ಚು ತಂದು, ತಮ್ಮ ಮುಖದ ಹಿಂಬದಿಗೇ ಒಂದೇಟು ಹಾಕಿದರು. ಅದು ಗಾಜಿನಂತೆ ಒಡೆಯಿತು.

"ಮರ ಆಗಿದ್ರೆ ನಾರು ಕಾಣ್ತಿತ್ತು. ಅಸಲಿ ನಿನಗೆ ಬಂತೇನೋ?"

"ಅಮ್ಮ ಬಂದಿರೋದು ನನ್ ಮನೆಗೆ ಕಣಣ್ಣ. ಕೈ ಹಾಕಿ ನೋಡು," ಎಂದು ಅಪ್ಪ ಮುಖವನ್ನು ಎದೆಗವಚಿಕೊಂಡ.

ಮಚ್ಚು ಅಪ್ಪನ ಭುಜಕ್ಕೆ ಬಿತ್ತು. ಅಂಗಿ ತೆರೆದುಕೊಂಡಿತು, ಒಳಗೆ ಬೆಳ್ಳಗೆ ಮೂಳೆ ಕಂಡಿತು, ಆಮೇಲೆ ರಕ್ತ ನುಗ್ಗಿ ಅದನ್ನು ಮುಚ್ಚಿತು. ಅಪ್ಪ ಬಿದ್ದರೂ ಹಿಡಿತ ಬಿಡಲಿಲ್ಲ. ಗೋಡೆಗೆ ಒರಗಿದ್ದ ಒನಕೆ ಎಳೆದುಕೊಂಡು, ದೊಡ್ಡಪ್ಪನ ಮೊಣಕಾಲಿಗೆ ಬೀಸಿದ. ಲಟಕ್ಕೆಂದಿತು. ದೊಡ್ಡಪ್ಪ ತೆವಳಿಕೊಂಡೇ ಬಂದು ಅವನ ಎದೆಯ ಮೇಲೆ ಕೂತು ಮತ್ತೆ ಮಚ್ಚೆತ್ತಿದರು.

ನಾನು ಅಪ್ಪನ ತೋಳಿನಿಂದ ಮುಖ ಕಿತ್ತು ಹೊಸಿಲಿಗೆ ಅಪ್ಪಳಿಸಿದೆ. ಅದರ ನಾಲಿಗೆ ಹಾರಿ ದೊಡ್ಡಪ್ಪನ ಮಡಿಲಿಗೆ ಬಿತ್ತು.

"ನೋಡಿ ದೊಡ್ಡಪ್ಪ, ಇದ್ರಲ್ಲೂ ನಾರಿಲ್ಲ."

ಮಚ್ಚು ಎತ್ತಿದ ಕಡೆಯೇ ನಿಂತಿತು.

ಅಜ್ಜಿ ಸೆರಗು ಹರಿದು ಅಪ್ಪನ ಭುಜಕ್ಕೆ ಬಿಗಿಯುತ್ತಿದ್ದಳು. ಅಪ್ಪ ಅವಳ ಕೈ ತಳ್ಳಿ ನನ್ನನ್ನು ನೋಡಿದ. "ಅಸಲಿ ಎಲ್ಲೇ?"

ನೆಲದ ರಕ್ತ ನನ್ನ ಕಾಲ್ಬೆರಳಿಗೆ ತಾಗಿ ಬೆಚ್ಚಗಿತ್ತು.

"ಅಚ್ಚಿಂದ ಬಿಡಿಸೋವಾಗ ಮುರೀತು ಅಪ್ಪ. ಒಲೆಗೆ ಹಾಕ್ಬಿಟ್ಟೆ."

ದೊಡ್ಡಪ್ಪ ಮಚ್ಚು ಬಿಟ್ಟು, ಅಪ್ಪನ ಎದೆಯ ಮೇಲಿಂದ ಇಳಿಯದೆಯೇ ಅತ್ತರು. ಅಡಿಯಲ್ಲಿ ಅಪ್ಪನೂ ಅಳುತ್ತಿದ್ದ. ಅಜ್ಜಿ ಮಾತ್ರ ನನ್ನನ್ನೇ ದಿಟ್ಟಿಸಿದಳು. ಈ ಮನೆಯಲ್ಲಿ ಗ್ಯಾಸ್ ಬಂದು ಸೌದೆ ಒಲೆ ಕಿತ್ತುಹಾಕಿ ಎಷ್ಟೋ ವರ್ಷವಾಗಿತ್ತು.

"ಹೌದು, ನಾನೂ ನೋಡ್ದೆ," ಅಂದಳು. "ಆಟೋ ಕರಿ ಹೋಗೇ."