ಕತ್ತರಿ ತಾಗದ ಮೀನು

ಬೆನ್ನಿನ ರೆಕ್ಕೆ ಮಡಚಿಕೊಂಡಿದೆ, ಹಿಂಡಿ ಒಣಗಿಸಿದ ಬಟ್ಟೆಯ ಅಂಚಿನ ಹಾಗೆ, ಮಾರ್ನಾಳ ಹೆಬ್ಬೆರಳು ಅದರ ಮೇಲೆ ಒಮ್ಮೆ ಹೋಗಿ ಬಂತು, ಮತ್ತೆ ಹೋಯಿತು, ತೊಟ್ಟಿಯ ನೀರಿನಲ್ಲಿ ಮೀನು ಅವಳ ಮೊಣಕೈಗೆ ಬಾಲ ಬಡಿದು ಸುಮ್ಮನಾಯಿತು — ಹೆಣ್ಣು, ಹೊಟ್ಟೆ ತುಂಬ ಮೊಟ್ಟೆ, ಸಮುದ್ರ ಸುತ್ತಿ ತೌರಿಗೆ ಬಂದ ಸ್ಟೀಲ್‌ಹೆಡ್, ತೋಳುದ್ದ ಇದೆ, ಚೆಂದ ಇದೆ, ಆದರೆ ಏನೋ ಸರಿಯಿಲ್ಲ, ಏನು ಸರಿಯಿಲ್ಲ, ಗುರುತಿನ ರೆಕ್ಕೆ ಇದೆಯಲ್ಲ, ಬಾಲದ ಹತ್ತಿರ ಬೆನ್ನ ಮೇಲೆ, ಕಿವಿಯ ಹಾಲೆಯಷ್ಟು ಮೆತ್ತಗಿನ ಆ ಪುಟ್ಟ ರೆಕ್ಕೆ, ಅದು ಇದ್ದರೆ ಹೊಳೆಯಲ್ಲೇ ಹುಟ್ಟಿದ ಮೀನು, ಇಲ್ಲದಿದ್ದರೆ ಮೊಟ್ಟೆ ಒಡೆಸಿ ಮರಿ ಸಾಕುವ ಹ್ಯಾಚರಿಯದು, ಹ್ಯಾಚರಿಯಲ್ಲಿ ಬೆರಳುದ್ದ ಇರುವಾಗಲೇ ಕತ್ತರಿಸಿಬಿಡುತ್ತಾರೆ, ಮುಂದೆ ಗುರುತು ಸಿಗಲಿ ಅಂತ. ರೆಕ್ಕೆ ಇದ್ದದ್ದನ್ನು ಹೊಳೆಗೆ ಅಡ್ಡ ಕಟ್ಟಿದ ಈ ಒಡ್ಡು ದಾಟಿಸಿ ಮೇಲಕ್ಕೆ ಬಿಡು, ಇಲ್ಲದ್ದರ ತಲೆಗೆ ದೊಣ್ಣೆಯಿಂದ ಒಂದು ಕೊಟ್ಟು ಐಸಿನ ಪೆಟ್ಟಿಗೆಗೆ ಹಾಕು, ಸಂಜೆ ಚರ್ಚಿನವರು ಬಂದು ಬಡವರ ಊಟಕ್ಕೆ ಒಯ್ಯುತ್ತಾರೆ. ಕೆಲಸಕ್ಕೆ ಸೇರಿದ ದಿನ ಜೊತೆಯ ಕೆಲಸಗಾರ ಡೆಲ್ಬರ್ಟ್ ಹೇಳಿಕೊಟ್ಟದ್ದು ಇಷ್ಟೇ, ಸ್ವರ್ಗದ ಬಾಗಿಲು ಕಾಯೋ ಕೆಲಸ ಕಣೇ ನಮ್ಮದು, ಸಂಬಳ ಮಾತ್ರ ಭೂಮಿದು ಅಂದಿದ್ದ, ಈಗ ಆಚೆ ದಡದಲ್ಲಿ ಜಾಲರಿಗೆ ಸಿಕ್ಕಿದ ಎಲೆ ಬಾಚುತ್ತಾ ಗುನುಗುತ್ತಿದ್ದಾನೆ, ದಪ್ಪ ಹೊಟ್ಟೆಯ ಮೇಲೆ ರಬ್ಬರು ಉಡುಪು ಬಿಗಿದುಕೊಂಡು, ಯಾವ ಚಿಂತೆಯೂ ಇಲ್ಲದ ಮನುಷ್ಯ. ಬಿಡು, ರೆಕ್ಕೆ ಇದೆ, ಬಿಟ್ಟುಬಿಡು. ಹೊಳೆ ಮೀನಿನ ಬೆನ್ನ ರೆಕ್ಕೆ ನೆಟ್ಟಗೆ ನಿಂತಿರುತ್ತದೆ, ಹೀಗೆ ಸೊಟ್ಟಗಾಗುವುದು ಹ್ಯಾಚರಿಯ ಸಿಮೆಂಟು ತೊಟ್ಟಿಯಲ್ಲಿ, ಸಾವಿರಾರು ಮರಿ ಒಂದಕ್ಕೊಂದು ಉಜ್ಜಿಕೊಂಡು ಕಚ್ಚಾಡಿಕೊಂಡು ಬೆಳೆದಾಗ, ಅಲ್ಲೊಂದು ಇಲ್ಲೊಂದು ಕತ್ತರಿಗೆ ತಪ್ಪಿಸಿಕೊಳ್ಳುವುದು ಇದ್ದದ್ದೇ, ಆದರೆ ಈ ವಾರ ಇದು ಮೂರನೆಯದು, ಮೊದಲ ಎರಡನ್ನು ಅವಳೇ ಕೈಯಾರೆ ಮೇಲಕ್ಕೆ ಬಿಟ್ಟಳು, ರೆಕ್ಕೆ ಇತ್ತಲ್ಲ ಅಂತ, ನಿಯಮ ಅಂದರೆ ನಿಯಮ ಅಂತ, ಬಿಟ್ಟು ಕೈ ಒರೆಸಿಕೊಂಡು ಕಾಫಿ ಕುಡಿದಳು.

ಕಾಫಿ. ಇವತ್ತು ಬೆಳಿಗ್ಗೆ ಕಾಫಿ ಹೊತ್ತಿಗೆ ಲೈಲ್ ಕೇಳಿದ, ದೊಡ್ಡವು ಬರ್ತಾ ಇವೆಯಾ ಮೇಲಕ್ಕೆ. ಅವಳ ಅಣ್ಣ, ಹ್ಯಾಚರಿಯಲ್ಲೇ ತಲೆ ನರೆಸಿಕೊಂಡವನು, ಕೆಲಸ ಬಿಡುವ ಮೊದಲೇ ಮಂಡಿ ಆಪರೇಶನ್ ಆಗಿ, ಅಂದಿನಿಂದ ಅವಳ ಮನೆಯ ಹಿಂದಿನ ಕೋಣೆಯಲ್ಲಿ ಇದ್ದಾನೆ, ಒಡ್ಡಿನ ಸುದ್ದಿ ಎತ್ತಿದರೆ ಇಷ್ಟು ವರ್ಷ ಮುಖ ತಿರುಗಿಸುತ್ತಿದ್ದವನು, ನಾನು ಸಾಕಿದ್ದನ್ನ ನೀನು ಬಡಿದು ಹಾಕ್ತೀಯ, ಚೆನ್ನಾಗಿದೆ ನಮ್ಮ ಸಂಸಾರ ಅನ್ನುತ್ತಿದ್ದವನು, ಇವತ್ತು ತಾನಾಗಿ ಕೇಳಿದ, ದೊಡ್ಡವು ಬರ್ತಾ ಇವೆಯಾ, ಪ್ಯಾನ್‌ಕೇಕಿನ ಮೇಲೆ ಸಿರಪ್ಪು ಸುರಿಯುತ್ತಾ, ಅವಳನ್ನು ನೋಡದೆ. ಬರ್ತಿವೆ, ಹೋದ ವರ್ಷಕ್ಕಿಂತ ವಾಸಿ ಅಂದಳು, ಅವನು ನಕ್ಕ, ಯಾಕೆ ನಕ್ಕ. ಅವನ ಅಂಗಿಯಿಂದ ಮೀನಿನ ಮೇವಿನ ವಾಸನೆ ಇನ್ನೂ ಹೋಗಿಲ್ಲ, ಹ್ಯಾಚರಿ ಬಿಟ್ಟು ಮೂರು ವರ್ಷವಾದರೂ, ಅವಳು ಹುಡುಗಿಯಾಗಿದ್ದಾಗ ಅವನ ಜೊತೆ ತೊಟ್ಟಿಗಳ ನಡುವೆ ನಡೆಯುತ್ತಿದ್ದಳು, ಇವರ ನೆರಳು ನೀರಿಗೆ ಬಿದ್ದ ಕೂಡಲೇ ಮರಿಗಳೆಲ್ಲ ಬಾಯಿ ತೆರೆದುಕೊಂಡು ನುಗ್ಗುತ್ತಿದ್ದವು, ನೋಡು, ಅಪ್ಪ ಬಂದ ಅಂದ್ಕೊಂಡಿವೆ ಅಂತ ಲೈಲ್ ಖುಷಿಪಡುತ್ತಿದ್ದ, ನೆರಳು ಅಂದರೆ ಊಟ ಅವಕ್ಕೆ. ಹೊಳೆಯಲ್ಲಿ ನೆರಳು ಅಂದರೆ ಕೊಕ್ಕರೆ, ಹೊಳೆಯ ಮರಿ ನೆರಳು ಕಂಡರೆ ಕಲ್ಲಿನ ಅಡಿಗೆ ಹೋಗುತ್ತದೆ, ಯಾರೂ ಹೇಳಿಕೊಡಬೇಕಾಗಿಲ್ಲ, ಹುಟ್ಟಿನಲ್ಲೇ ಬಂದದ್ದು, ಆ ಹುಟ್ಟಿಗೇ ತೊಟ್ಟಿಯ ರಕ್ತ ಬೆರೆತರೆ ಎರಡು ಮೂರು ತಲೆಮಾರಿನಲ್ಲಿ ಮರೆತುಹೋಗುತ್ತದೆ, ಆಮೇಲೆ ಹೊಳೆ ಇರುತ್ತದೆ, ನೀರು ಇರುತ್ತದೆ, ಮೀನು ಬರುವುದಿಲ್ಲ. ಅದಕ್ಕೇ ಈ ಒಡ್ಡು. ಮೇಲೆ ಜಲಪಾತದ ತನಕ ಇರುವ ಹೊಳೆ ಮೀನುಗಳನ್ನು ಕೂರಿಸಿದರೆ ಒಂದು ಶಾಲೆ ಬಸ್ಸು ತುಂಬುವುದಿಲ್ಲ, ಅಷ್ಟೇ ಉಳಿದಿರುವುದು, ಅಷ್ಟಕ್ಕೇ ಇಷ್ಟು ಕಾವಲು. ಆದರೆ ಮೂರು ಬೇಸಿಗೆ ಹಿಂದೆ — ಇದು ಈಗ ಯಾಕೆ ನೆನಪಾಗಬೇಕು — ಜಲಪಾತದ ಕೆಳಗಿನ ಗುಂಡಿಯಲ್ಲಿ ಮುಖ ತೊಳೆಯಲು ಬಗ್ಗಿದಾಗ ಒಂದು ಹಿಂಡು ಮರಿ ಅವಳ ನೆರಳಿನೊಳಕ್ಕೇ ಬಂದವು, ಬಾಯಿ ತೆರೆದುಕೊಂಡು, ಎಷ್ಟು ಧೈರ್ಯ ಇವಕ್ಕೆ ಅಂದುಕೊಂಡು ಮುಖ ತೊಳೆದು ಬಂದಳು, ಮನೆಯಲ್ಲಿ ಅದನ್ನು ಹೇಳಿದಾಗ ಲೈಲ್ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮಾರ್ನಾ. ಮೇಲಿನಿಂದ ಕೂಗು, ಸೇತುವೆಯ ಮೇಲೆ ಅವನೇ, ಊರುಗೋಲು ಕಂಬಿಗೆ ಒರಗಿಸಿ ನಿಂತಿದ್ದಾನೆ, ತುಂತುರು ಮಳೆಯಲ್ಲಿ, ಯಾರು ಕರೆತಂದರೋ, ನಡೆದೇ ಬಂದನೋ, ಆ ಮಂಡಿ ಇಟ್ಟುಕೊಂಡು. ಡೆಲ್ಬರ್ಟ್ ಕೈಬೀಸಿದ, ಏನು ಲೈಲ್, ಶತ್ರುಗಳ ಠಾಣೆಗೆ ಬಂದ್ಬಿಟ್ಟೆ ಅಂತ ಕಿಚಾಯಿಸಿದ, ಲೈಲ್ ಟೋಪಿ ತೆಗೆದ. ಊರಿನ ಮುದುಕರ ಪದ್ಧತಿ ಅದು, ಹೊಳೆಯ ಮೀನು ಒಡ್ಡು ದಾಟಿ ಮೇಲಕ್ಕೆ ಹೋಗುವಾಗ ಸೇತುವೆಯ ಮೇಲಿದ್ದವರು ಟೋಪಿ ತೆಗೆಯುತ್ತಾರೆ, ಶವದ ಗಾಡಿಗೆ ತೆಗೆಯುವ ಹಾಗೆ, ಮದುಮಗಳಿಗೆ ತೆಗೆಯುವ ಹಾಗೆ, ಲೈಲ್ ಜನ್ಮದಲ್ಲಿ ತೆಗೆದವನಲ್ಲ, ಮೀನಿಗೆ ಸಲಾಮು ಹೊಡೀತೀರಲ್ಲ ನಾಚಿಕೆ ಆಗಲ್ವಾ ಅನ್ನುತ್ತಿದ್ದ, ಮತ್ತೆ ಇವತ್ತು, ಇನ್ನೂ ಅವಳು ಒಡ್ಡಿನ ಬಾಗಿಲು ಎತ್ತಿಯೇ ಇಲ್ಲ, ಅಷ್ಟು ಎತ್ತರದಿಂದ ಗುರುತಿನ ರೆಕ್ಕೆ ಯಾರಿಗೂ ಕಾಣುವುದಿಲ್ಲ, ಇವನಿಗೆ ಹೇಗೆ ಗೊತ್ತು. ಬಿಡು ಮಾರ್ನಾ, ಅಂದ, ಕೂಗಲೂ ಇಲ್ಲ, ಮೆಲ್ಲಗೆ, ಅದಕ್ಕೆ ಕತ್ತರಿ ತಾಗಿಸಿಲ್ಲ ನಾನು. ಎಷ್ಟು ಮರಿ ಲೈಲ್, ಅಂದಳು. ಒಂದು ಬಕೆಟ್ಟು, ಕೆಲಸ ಬಿಡೋ ವಾರ, ಜಲಪಾತದ ಹತ್ತಿರ ತಗೊಂಡೋಗಿ ಬಿಟ್ಟೆ, ನಿನ್ನ ಮೀನು ಮುಗೀತಾ ಬಂದಿದ್ವಲ್ಲ, ಮನೆಗೆ ಬಂದು ಅಳ್ತಿದ್ದೆ ನೀನು, ಕೈ ಕಟ್ಕೊಂಡು ಕೂತಿರ್ಬೇಕಿತ್ತಾ ನಾನು.

ಅಳುತ್ತಿದ್ದಳು, ನಿಜ, ಆ ಚಳಿಗಾಲ ಒಡ್ಡಿಗೆ ದಿನಗಟ್ಟಲೆ ಒಂದೂ ಬಂದಿರಲಿಲ್ಲ, ಸಿಂಕಿನ ಮುಂದೆ ನಿಂತು ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು, ಕೇಳಿಸುವುದಿಲ್ಲ ಅಂದುಕೊಂಡು, ಕೇಳಿಸಿದೆ ಅವನಿಗೆ, ತನ್ನಲ್ಲಿ ಇದ್ದದ್ದನ್ನೇ ಬಕೆಟ್ಟಿನಲ್ಲಿ ಹೊತ್ತುಕೊಂಡು ಹೋಗಿದ್ದಾನೆ, ಅದೇ ಮಂಡಿಯಲ್ಲಿ, ಆ ಕಡಿದಾದ ದಾರಿಯಲ್ಲಿ, ಅವನ ಮೇಲೆ ಪ್ರೀತಿ ಉಕ್ಕಿತು, ಆದರೆ ಮೇಲೆ ಬಿಟ್ಟ ಆ ಎರಡು ಈಗ ಎಲ್ಲಿವೆ, ಯಾವ ಗುಂಡಿಯಲ್ಲಿ, ಯಾವ ಹೊಳೆ ಗಂಡಿನ ಪಕ್ಕದಲ್ಲಿ. ಡೆಲ್ಬರ್ಟ್ ಬಾಚುವುದು ನಿಲ್ಲಿಸಿದ್ದಾನೆ. ರೆಕ್ಕೆ ಇದೆ ಕಣೇ, ಅಂದ, ರೆಕ್ಕೆ ಇರೋದನ್ನ ಕೊಂದ್ರೆ ಕೆಲಸ ಹೋಗುತ್ತೆ. ಗೊತ್ತು. ಕೆಳಗಡೆ ಬಿಡು ಹಾಗಾದ್ರೆ. ಕೆಳಗೆ ಬಿಟ್ಟರೆ ನಾಳೆ ಮತ್ತೆ ಬರುತ್ತದೆ, ಜಲಪಾತದ ನೀರೇ ಇದರ ಮೂಗಿಗೆ ಹತ್ತಿರುವುದು, ಇದಕ್ಕೆ ಅದೇ ಮನೆ, ಲೈಲ್ ತೋರಿಸಿದ ಮನೆ, ಬರುತ್ತಲೇ ಇರುತ್ತದೆ. ದೊಣ್ಣೆ ತೊಟ್ಟಿಯ ಅಂಚಿನಲ್ಲಿ ಇರುವ ಕಡೆಯೇ ಇದೆ. ಅವಳು ಎತ್ತಿದಳು, ಕಣ್ಣಿನ ಹಿಂದೆ, ಸರಿಯಾದ ಜಾಗಕ್ಕೆ, ಒಂದೇ ಏಟು, ಮೀನು ಒಮ್ಮೆ ಪೂರ್ತಿ ನಡುಗಿತು, ಹೊಟ್ಟೆಯಿಂದ ಕಿತ್ತಳೆ ಬಣ್ಣದ ನಾಲ್ಕಾರು ಮೊಟ್ಟೆ ಜಾರಿ ಅವಳ ಮುಂಗೈಗೆ ಅಂಟಿದವು, ಬೆಚ್ಚಗಿಲ್ಲ, ತಣ್ಣಗೆ. ಆಫೀಸಿಗೆ ಫೋನ್ ಮಾಡು ಡೆಲ್ಬರ್ಟ್, ಅಂದಳು, ಮೇಲೆ ಎರಡಿವೆ, ಹುಡುಕಬೇಕು, ಯಾರು ಬಿಟ್ಟದ್ದು ಅಂತ ಕೇಳಿದರೆ ನನ್ನ ಅಣ್ಣ ಅಂತ ಹೇಳು, ಸ್ವರ ಸಮ ಇತ್ತು, ಬೇರೆ ಯಾರದೋ ಸ್ವರದ ಹಾಗಿತ್ತು, ಈಗ ಮೇಲೆ ನೋಡಬಾರದು, ಮೊಟ್ಟೆ ತೊಳೆದುಕೊ, ಐಸಿನ ಪೆಟ್ಟಿಗೆಯ ಮುಚ್ಚಳ ತೆಗೆ, ನೋಡಬಾರದು, ನೋಡಿದಳು — ಟೋಪಿ ಕೈಯಲ್ಲೇ ಇದೆ. ಮಳೆ ಜೋರಾಗಿದೆ, ಬರಿ ತಲೆಯ ಮೇಲಿಂದ ನೀರು ಕಿವಿಯ ಹಿಂದೆ ಇಳಿಯುತ್ತಿದೆ, ಹಾಕಿಕೋ ಲೈಲ್, ನೆಗಡಿ ಆಗುತ್ತೆ, ಮನೆಗೆ ಹೋಗಿ ಅವನಿಗೆ ಏನು ಬೇಯಿಸಿ ಹಾಕಲಿ, ಏನು ಹೇಳಲಿ, ಆ ಎರಡನ್ನೂ ಹುಡುಕುವವರೆಗೆ ಒಂದೇ ಮೇಜಿಗೆ ಹೇಗೆ ಕೂರಲಿ — ಟೋಪಿ ಕೈಯಲ್ಲೇ ಇದೆ, ಎದೆಗೆ ಒತ್ತಿ ಹಿಡಿದುಕೊಂಡಿದ್ದಾನೆ, ಹಾಕಿಕೋ ಲೈಲ್, ಹಾಕಿಕೊಳ್ಳುತ್ತಿಲ್ಲ.