ಹಲಗೆ ಮುಚ್ಚಿದ ರತ್ನಗಂಬಳಿ

ನಮ್ಮ ಕ್ಲಬ್ಬಿನಲ್ಲಿ ಚಪ್ಪಾಳೆ ತಟ್ಟುವಂತಿಲ್ಲ. ಬೆಲೊ ಹೊರಿಜಾಂಟೆ ನಗರದ ಹಳೆಯ ವಸತಿ ಕಟ್ಟಡವೊಂದರ ನೆಲಮಾಳಿಗೆ ಅದು. ಮೇಲಿನ ಮನೆಯವರು ಎರಡು ಸಲ ಪೊಲೀಸರನ್ನು ಕರೆದ ಮೇಲೆ, ಜನ ಚಿಟಿಕೆ ಹೊಡೆದೇ ಮೆಚ್ಚುಗೆ ತೋರಿಸುತ್ತಾರೆ. ನಲವತ್ತು ಜನ ಚಿಟಿಕೆ ಹೊಡೆದರೆ ಬಾಣಲೆಯಲ್ಲಿ ಜೋಳ ಅರಳಿದಂತಿರುತ್ತದೆ.

ಪಿಯಾನೊ ನುಡಿಸುವ ಜೆನೇಜಿಯೊ ನನ್ನ ಗಂಡ. ನನ್ನದು ಆಳೆತ್ತರದ ತಂತಿವಾದ್ಯ, ಬಾಸ್. ಸ್ಯಾಕ್ಸೊಫೋನಿನ ವಾಲ್ಡಿರ್ ತಂಡದ ಯಜಮಾನ, ಡ್ರಮ್ಸಿಗೆ ಟೋನ್ಯು. ನಾಲ್ಕು ತಿಂಗಳ ಹಿಂದೆ ಜೆನೇಜಿಯೊನ ಕಿವಿ ಪೂರ್ತಿ ಹೋಯಿತು. ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ವಾಲ್ಡಿರನಿಗೆ ತಿಳಿದಿದ್ದರೆ ಮರುದಿನವೇ ಆ ಜಾಗಕ್ಕೆ ಬೇರೆಯವರು ಬರುತ್ತಿದ್ದರು.

"ಪಿಯಾನೊ ಬಿಟ್ರೆ ನಾನ್ಯಾರೇ, ಒಡೆಚಿ?" ಎಂದು ನನ್ನ ಹೆಸರು ಹಿಡಿದು ಅಡುಗೆಮನೆಯಲ್ಲಿ ಅತ್ತುಬಿಟ್ಟಿದ್ದ. ಆಗ ನಾನೇ ದಾರಿ ಹುಡುಕಿದೆ. ವೇದಿಕೆಯ ಒಂದು ಹಲಗೆಯ ಮೇಲೆ ಬಾಸಿನ ಬುಡದ ಕಬ್ಬಿಣದ ಮೊನೆ ಊರುತ್ತಿದ್ದೆ. ಅದೇ ಹಲಗೆಯ ಮೇಲೆ ಅವನು ಬರಿಗಾಲಿಡುತ್ತಿದ್ದ. ನನ್ನ ತಂತಿಯ ನಡುಕ ಅವನ ಅಂಗಾಲಿಗೆ ತಲುಪುತ್ತಿತ್ತು. ತಾಳ ಅಲ್ಲಿಂದ ಸಿಗುತ್ತಿತ್ತು, ಉಳಿದದ್ದು ನಲವತ್ತು ವರ್ಷದ ರೂಢಿ.

ಒಂದು ಭಾನುವಾರ ಸಂಜೆ ಐದಕ್ಕೆ ಹೋದರೆ ವೇದಿಕೆಯ ತುಂಬ ದಪ್ಪ ರತ್ನಗಂಬಳಿ! ಹಲಗೆಯ ನಡುಕವೆಲ್ಲ ಅದರಲ್ಲೇ ಅಡಗಿಹೋಗುತ್ತದೆ.

"ಮೇಲ್ಮನೆ ಮುದುಕಿ ಕಾಟ ತಡೀಲಾರ್ದೆ ಹಾಸಿದೆ ಕಣೇ," ಎಂದಳು ಕ್ಲಬ್ಬಿನ ಒಡತಿ ದೋನ ಇರಾಸಿ. "ನಿನ್ ಗಂಡನ ಬರಿಗಾಲಿಗೂ ಬೆಚ್ಚಗಿರತ್ತೆ."

"ತೆಗೆಸಿಬಿಡಿ ದೋನ ಇರಾಸಿ, ನಿಮ್ ಕಾಲಿಗೆ ಬೀಳ್ತೀನಿ. ನನ್ ಬಾಸ್ ಜಾರತ್ತೆ."

"ಕಂಬಳಿ ಮೇಲೆ ಯಾವ ಬಾಸ್ ಜಾರತ್ತೆ?" ವಾಲ್ಡಿರ್ ನಕ್ಕ. "ಇವತ್ತೇನು ಹೊಸಾ ಮದುಮಗಳ ಥರ ಆಡ್ತಿದೀಯ!"

ಬಾಯಿ ಬಿಟ್ಟರೆ ಬಣ್ಣಗೇಡು. ಜೆನೇಜಿಯೊ ಶೂ ಬಿಚ್ಚಿ, ಕಂಬಳಿಯ ಮೇಲೆ ಕಾಲಿಟ್ಟು, ನನ್ನತ್ತ ನೋಡಿದ. ಆ ನೋಟವನ್ನು ಸಾಯುವವರೆಗೆ ಮರೆಯಲಾರೆ.

ಜನ ಸೇರಿದ ಮೇಲೆ ಮೊದಲ ಹಾಡನ್ನು ನನ್ನ ಬೆರಳು ನೋಡಿಕೊಂಡೇ ದಾಟಿಸಿದ. ಎರಡನೆಯದಕ್ಕೆ ದೋನ ಇರಾಸಿ ದೀಪ ತಗ್ಗಿಸಿದಳು. ನನ್ನ ಬೆರಳು ಕಾಣದೆ ಅವನು ತಾಳ ತಪ್ಪಿ ಮುಂದೆ ಓಡಿದ. ಟೋನ್ಯು ಬೆನ್ನಟ್ಟಿ ಸೋತ. ವಾಲ್ಡಿರ್ ಸ್ಯಾಕ್ಸೊಫೋನನ್ನು ಬಾಯಿಂದ ತೆಗೆದು ಹಿಂತಿರುಗಿದ.

ನನಗೆ ದಿಕ್ಕೇ ತೋಚಲಿಲ್ಲ. ಬಾಸನ್ನು ದರದರ ಎಳೆದೊಯ್ದು, ಅದರ ಮೈಯನ್ನು ಜೆನೇಜಿಯೊನ ಬೆನ್ನಿಗೆ ಒತ್ತಿ ಹಿಡಿದು ನುಡಿಸಿದೆ. ಗಂಡಹೆಂಡಿರ ಸರಸವೆಂದುಕೊಂಡು ಜನ ನಕ್ಕರು. ಅವನ ಬೆನ್ನು ಒಮ್ಮೆ ನಡುಗಿತು, ತಾಳ ಸಿಕ್ಕಿತು. ಅಯ್ಯೋ, ಆಮೇಲೆ ಎಂಥಾ ನುಡಿಸಿದನಪ್ಪಾ! ಮದುವೆಗೆ ಮುಂಚೆ ಹಾಗೆ ನುಡಿಸುತ್ತಿದ್ದ.

ಹಾಡು ಮುಗಿಯಿತು. ಕತ್ತಲಲ್ಲಿ ಚಿಟಿಕೆಗಳು ಸಿಡಿದವು. ಪ್ರತಿ ಸಲ ನಾನು ತಲೆಯಾಡಿಸುವುದನ್ನು ನೋಡಿ ಜನ ಮೆಚ್ಚಿದರೆಂದು ಅವನು ತಿಳಿದುಕೊಳ್ಳುತ್ತಿದ್ದ. ಅವತ್ತು ನಾನು ಅವನ ಬೆನ್ನ ಹಿಂದಿದ್ದೆ.

"ಯಾರಿಗೂ ಹಿಡಿಸ್ಲಿಲ್ವೇನೇ, ಒಡೆಚಿ?"

ತಾನು ಪಿಸುಗುಟ್ಟಿದೆನೆಂದೇ ಅವನು ತಿಳಿದಿದ್ದ. ಇಡೀ ಕ್ಲಬ್ಬಿಗೆ ಕೇಳುವಂತೆ ಕೂಗಿದ್ದ. ಚಿಟಿಕೆಗಳೆಲ್ಲ ಒಮ್ಮೆಗೇ ನಿಂತವು.

ಬಾಸನ್ನು ಗೋಡೆಗೊರಗಿಸಿ, ಅವನ ಅಂಗೈ ಹಿಡಿದು ಅದರೊಳಗೆ ಚಿಟಿಕೆ ಹೊಡೆದೆ. ಒಂದು, ಎರಡು, ಹತ್ತು. ಕೈ ಸೋಲುವವರೆಗೆ ಹೊಡೆದೆ. ಅವನ ಮುಖ ಅರಳಿತು. ಆಮೇಲೆ ಕಣ್ಣೆತ್ತಿ ವಾಲ್ಡಿರನ ಮುಖ ಕಂಡ. ಗುಟ್ಟು ಬಯಲಾಗಿದೆ ಎಂದು ಆ ಮುಖವೇ ಹೇಳುತ್ತಿತ್ತು.

"ಹಾಗಾದ್ರೆ ಸರಿ," ಎಂದು ಪಿಯಾನೊದ ಮುಚ್ಚಳವನ್ನು ತಾನೇ ಮುಚ್ಚಿದ.